ತಲಪಾಡಿ ದಾಟಿದರೆ ಪಿಂಚಣಿ ಯಾಕೆ ಬದಲಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕೋಟೆಕಾರಿನ ಹತ್ತಿರ. ತಲಪಾಡಿ ಗಡಿಗೆ ಬಸ್ಸಿನಲ್ಲಿ ಸ್ವಲ್ಪವೇ ಹೊತ್ತು. ಅಮ್ಮನಿಗೆ ಇಬ್ಬರು ತಂಗಿಯರು. ಒಬ್ಬ ಚಿಕ್ಕಮ್ಮ ಇತ್ತ ಉಳ್ಳಾಲದಲ್ಲಿ, ಇನ್ನೊಬ್ಬ ಚಿಕ್ಕಮ್ಮ ಅತ್ತ ಮಂಜೇಶ್ವರದಲ್ಲಿ. ಇಬ್ಬರೂ ಹುಟ್ಟಿದ್ದು ಒಂದೇ ಮನೆಯಲ್ಲಿ, ಮಾತಾಡುವುದು ಒಂದೇ ತುಳು. ಆದರೆ ಒಬ್ಬರು ಕರ್ನಾಟಕ, ಒಬ್ಬರು ಕೇರಳ. ಇಬ್ಬರ ವೃದ್ಧಾಪ್ಯ ಪಿಂಚಣಿಯ ಅರ್ಜಿ ತುಂಬಿಸಿದ್ದೂ ನಾನೇ. ಆಮೇಲೆ ಅಕ್ಕಪಕ್ಕದವರು, ಉಡುಪಿಯ ನೆಂಟರು, ಗುರುತಿನವರು ಎಲ್ಲರೂ ಕೇಳಲು ಶುರು ಮಾಡಿದರು. ಜಾಸ್ತಿ ಸಲ ಬಂದ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ.

ಇಬ್ಬರೂ ಭಾರತದವರೇ. ಒಬ್ಬರಿಗೆ 1,200, ಇನ್ನೊಬ್ಬರಿಗೆ 2,000. ಇದು ಹೇಗೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಒಂದು ಮದುವೆ ಮನೆಯಲ್ಲಿ ಇಬ್ಬರು ಚಿಕ್ಕಮ್ಮಂದಿರೂ ಪಾಸ್‌ಬುಕ್ ತೆಗೆದು ಪಕ್ಕಪಕ್ಕ ಇಟ್ಟರು. ಉಳ್ಳಾಲದವರದ್ದರಲ್ಲಿ ಸಂಧ್ಯಾ ಸುರಕ್ಷಾ 1,200 ರೂ. ಮಂಜೇಶ್ವರದವರದ್ದರಲ್ಲಿ 2,000 ರೂ. "ನನ್ನ ಅರ್ಜಿಯಲ್ಲಿ ಎಂತ ತಪ್ಪಾಗಿದೆ?" ಅಂತ ಉಳ್ಳಾಲದ ಚಿಕ್ಕಮ್ಮ ನನ್ನನ್ನೇ ಕೇಳಿದರು.

ಅರ್ಜಿಯಲ್ಲಿ ಏನೂ ತಪ್ಪಿಲ್ಲ. ಪಿಂಚಣಿಯ ಮೊತ್ತ ತೀರ್ಮಾನಿಸುವುದು ಆಯಾ ರಾಜ್ಯ. ಕರ್ನಾಟಕದ ಸಂಧ್ಯಾ ಸುರಕ್ಷಾ 65 ವರ್ಷ ತುಂಬಿದವರಿಗೆ. ಅದಕ್ಕಿಂತ ಕಡಿಮೆ ಪ್ರಾಯದವರಿಗೆ ಬೇರೆ ಯೋಜನೆ, ಮೊತ್ತವೂ ಕಡಿಮೆ. ಕೇರಳದಲ್ಲಿ 60 ತುಂಬಿದ ಕೂಡಲೇ ಪೂರ್ತಿ ಮೊತ್ತ. ಅಲ್ಲಿ 2021ರಿಂದ 1,600 ರೂ. ಇತ್ತು, 2025ರ ನವೆಂಬರ್‌ನಿಂದ 2,000 ರೂ. ಆಯಿತು. ಆದಾಯದ ಮಿತಿಯೂ ಬೇರೆ. ಕೇರಳದಲ್ಲಿ ಕುಟುಂಬದ ವರ್ಷದ ಆದಾಯ 1 ಲಕ್ಷ ರೂ. ಒಳಗಿರಬೇಕು. ನಮ್ಮಲ್ಲಿ 32,000 ರೂ. ಮಿತಿ ಇಟ್ಟಿದ್ದಾರೆ. ನನಗೆ ಮೊತ್ತಕ್ಕಿಂತ ದೊಡ್ಡ ವ್ಯತ್ಯಾಸ ಕಾಣುವುದು ಇಲ್ಲೇ. ತಿಂಗಳಿಗೆ ಮೂರು ಸಾವಿರ ರೂಪಾಯಿ ಸಹ ಬರಬಾರದು ಅಂದರೆ, ಸ್ವಲ್ಪ ದಿನ ಕೂಲಿಗೆ ಹೋದರೂ ಲೆಕ್ಕ ದಾಟುತ್ತದೆ.

ದೆಹಲಿಯಿಂದ ಬರುವುದು ಎಲ್ಲರಿಗೂ ಒಂದೇ ಅಲ್ವಾ?

ಹೌದು, ಅದೊಂದು ಮಾತ್ರ ಒಂದೇ. ಆದರೆ ಅದು ತೀರಾ ಸಣ್ಣದು.

ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದದ್ದು 1995ರ ಆಗಸ್ಟ್ 15ರಂದು. ಆಗ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡುತ್ತಿದ್ದದ್ದು 75 ರೂ. ಆಮೇಲೆ ಅದು 200 ರೂ. ಆಯಿತು. 60ರಿಂದ 79 ವರ್ಷದವರಿಗೆ ಈಗಲೂ ಅದೇ 200 ರೂ. 80 ದಾಟಿದವರಿಗೆ 500 ರೂ. ವಿಧವೆಯರಿಗೆ 300 ರೂ., ಅದೂ 40 ವರ್ಷ ಆದ ಮೇಲೆ. 80 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇದ್ದವರಿಗೆ 300 ರೂ. ಎಲ್ಲವೂ ಬಡತನ ರೇಖೆಗಿಂತ ಕೆಳಗಿನವರಿಗೆ ಮಾತ್ರ.

ಅದರ ಮೇಲೆ ಎಷ್ಟು ಸೇರಿಸಬೇಕು, ಕೇಂದ್ರದ ಪಟ್ಟಿಯಲ್ಲಿ ಇಲ್ಲದವರಿಗೂ ಕೊಡಬೇಕಾ ಅನ್ನುವುದು ರಾಜ್ಯಕ್ಕೆ ಬಿಟ್ಟದ್ದು. 28 ವರ್ಷಕ್ಕೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಕೇಂದ್ರದಿಂದ ಒಂದು ಪೈಸೆಯೂ ಇಲ್ಲ. ಅವಳಿಗೆ ನಮ್ಮಲ್ಲಿ ಸಿಗುವ 800 ರೂ. ಪೂರ್ತಿ ಕರ್ನಾಟಕದ ದುಡ್ಡು. ಮದುವೆಯಾಗದ, ವಿಚ್ಛೇದನ ಆದ 40ರಿಂದ 64ರ ಹೆಂಗಸರಿಗೆ ಇರುವ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಇರುವ ಮೈತ್ರಿ, ಇವೂ ರಾಜ್ಯದ್ದೇ.

ಹೀಗೆ ಬೇರೆ ಬೇರೆ ಕೊಡಲು ಸಂವಿಧಾನದಲ್ಲಿ ಅವಕಾಶ ಇದೆಯಾ?

ಇದೆ. ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಅಂಗವಿಕಲರಿಗೆ, ದುಡಿಯಲು ಆಗದವರಿಗೆ ಪರಿಹಾರ ಕೊಡುವ ವಿಷಯ ರಾಜ್ಯ ಪಟ್ಟಿಯಲ್ಲಿದೆ, 9ನೇ ಕ್ರಮಸಂಖ್ಯೆ. ಸಾಮಾಜಿಕ ಭದ್ರತೆ ಸಮವರ್ತಿ ಪಟ್ಟಿಯಲ್ಲಿದೆ, 23ನೆಯದು. ಅಂದರೆ ಕೇಂದ್ರವೂ ಮಾಡಬಹುದು, ರಾಜ್ಯವೂ ಮಾಡಬಹುದು. ಮುದಿತನ, ಕಾಯಿಲೆ, ಕೆಲಸ ಇಲ್ಲದ ಹೊತ್ತಿನಲ್ಲಿ ಸರ್ಕಾರ ಕೈಹಿಡಿಯಬೇಕು ಅಂತ 41ನೇ ವಿಧಿ ಹೇಳುತ್ತದೆ. ಎಷ್ಟು ರೂಪಾಯಿ ಅಂತ ಹೇಳುವುದಿಲ್ಲ.

ಹಾಗಾದರೆ ಶ್ರೀಮಂತ ರಾಜ್ಯ ಜಾಸ್ತಿ, ಬಡ ರಾಜ್ಯ ಕಡಿಮೆ ಕೊಡುತ್ತದಾ?

ಇಲ್ಲ. ಆಂಧ್ರಪ್ರದೇಶ ಕರ್ನಾಟಕಕ್ಕಿಂತ ಶ್ರೀಮಂತ ಅಲ್ಲ. ಅಲ್ಲಿ 2024ರ ಜುಲೈಯಿಂದ ವೃದ್ಧರಿಗೆ ತಿಂಗಳಿಗೆ 4,000 ರೂ. ತೆಲಂಗಾಣದ ಆಸರಾ ಪಿಂಚಣಿ 2,016 ರೂ. ಗೋವಾದ ದಯಾನಂದ ಯೋಜನೆಯಲ್ಲಿ 2,000 ರೂ. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ 41 ಶೇಕಡಾ ಪಾಲಿನಲ್ಲಿ, 15ನೇ ಹಣಕಾಸು ಆಯೋಗದ ಪ್ರಕಾರ, ಕರ್ನಾಟಕಕ್ಕೆ 3.647 ಶೇಕಡಾ ಮತ್ತು ಕೇರಳಕ್ಕೆ 1.925 ಶೇಕಡಾ ಇತ್ತು. ಕಡಿಮೆ ಪಾಲು ಬಂದ ರಾಜ್ಯವೇ ವೃದ್ಧರಿಗೆ ಜಾಸ್ತಿ ಕೊಟ್ಟಿತು.

ಕಾರಣ ಹಳೆಯದು. ಕೇರಳ 1980ರಲ್ಲೇ ಕೃಷಿ ಕಾರ್ಮಿಕರಿಗೆ ತಿಂಗಳಿಗೆ 45 ರೂ. ಪಿಂಚಣಿ ಶುರು ಮಾಡಿತು. ಅಂದಿನಿಂದ ಪ್ರತಿ ಚುನಾವಣೆಯಲ್ಲಿ ಪಿಂಚಣಿಯ ಮಾತು ಬರುತ್ತದೆ. ಬಂದ ಸರ್ಕಾರ ಅದನ್ನು ಏರಿಸಲೇಬೇಕಾಗುತ್ತದೆ. ಹಾಗಂತ ಅಲ್ಲೂ ತೊಂದರೆ ಇಲ್ಲದಿಲ್ಲ. ದುಡ್ಡು ಸಾಲದೆ ಕೆಲವು ತಿಂಗಳ ಪಿಂಚಣಿ ಬಾಕಿ ಉಳಿದದ್ದೂ ಇದೆ. ಆ ತಿಂಗಳುಗಳಲ್ಲಿ ಮಂಜೇಶ್ವರದ ಚಿಕ್ಕಮ್ಮ ಮಾತ್ರೆಗೆ ನಮ್ಮಮ್ಮನ ಹತ್ತಿರ ದುಡ್ಡು ಕೇಳಿದ್ದಾರೆ.

ಕರ್ನಾಟಕ ದುಡ್ಡನ್ನು ಬೇರೆ ಕಡೆ ಹಾಕಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಕರೆಂಟ್ ಬಿಲ್ಲಿಲ್ಲ. ಉಳ್ಳಾಲದ ಚಿಕ್ಕಮ್ಮನ ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ಆದ್ದರಿಂದ ಅವರಿಗೆ ಪಿಂಚಣಿ 1,200ರ ಜೊತೆ ಗೃಹಲಕ್ಷ್ಮಿ 2,000 ಸಹ ಬರುತ್ತದೆ. ಇದನ್ನು ಕೂಡಿಸಿ ತೋರಿಸಿದ ಮೇಲೆ ಅವರ ಮುಖ ಸ್ವಲ್ಪ ಅರಳಿತು. ಆದರೆ ಎಲ್ಲರಿಗೂ ಹೀಗಿಲ್ಲ. ಕಾರ್ಡಿನಲ್ಲಿ ಸೊಸೆ ಯಜಮಾನಿ ಆಗಿದ್ದರೆ ಆ 2,000 ಅತ್ತೆಗೆ ಬರುವುದಿಲ್ಲ. ಒಂಟಿ ಗಂಡಸರಿಗಂತೂ ಇಲ್ಲವೇ ಇಲ್ಲ. ಹಾಗಾಗಿ ಯಾವ ರಾಜ್ಯ ಒಳ್ಳೆಯದು ಅಂತ ಕೇಳಿದರೆ, ಮನೆಯಲ್ಲಿ ಯಾರಿದ್ದಾರೆ ಅಂತ ನಾನು ಮೊದಲು ಕೇಳುತ್ತೇನೆ.

ಅರ್ಜಿ ಎಲ್ಲಿ ಕೊಡುವುದು? ಅದೂ ಬೇರೆಯಾ?

ಅದೂ ಬೇರೆ. ಇದು ಮೊತ್ತಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಪಿಂಚಣಿ ಕಂದಾಯ ಇಲಾಖೆಯ ಕೆಲಸ. ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ (ಮೊದಲು ಗ್ರಾಮ ಲೆಕ್ಕಿಗರು ಅನ್ನುತ್ತಿದ್ದರು) ಬಂದು ನೋಡುತ್ತಾರೆ. ಆಮೇಲೆ ಮೇಲಿನವರು ಮಂಜೂರು ಮಾಡುತ್ತಾರೆ. ಪಂಚಾಯತ್ ಸದಸ್ಯರಿಗೆ ಶಿಫಾರಸು ಬಿಟ್ಟರೆ ಜಾಸ್ತಿ ಅಧಿಕಾರ ಇಲ್ಲ.

ಕೇರಳದಲ್ಲಿ ಅರ್ಜಿ ಹೋಗುವುದು ಗ್ರಾಮ ಪಂಚಾಯತಿಗೆ. ಅಲ್ಲೇ ಪರಿಶೀಲನೆ, ಅಲ್ಲೇ ತೀರ್ಮಾನ. 1996ರಲ್ಲಿ ಅಲ್ಲಿ ಜನಕೀಯ ಯೋಜನೆ ಶುರುವಾಗಿ ಪಂಚಾಯತ್‌ಗಳಿಗೆ ದುಡ್ಡು, ಕೆಲಸ ಎರಡೂ ಹೋದವು. ಅದರ ಫಲ ಇದು. ಮಂಜೇಶ್ವರದ ಚಿಕ್ಕಮ್ಮನ ಅರ್ಜಿ ಎಲ್ಲಿಯವರೆಗೆ ಬಂತು ಅಂತ ಅವರ ವಾರ್ಡಿನ ಮೆಂಬರಿಗೆ ಗೊತ್ತಿತ್ತು. ಪೇಟೆಗೆ ಹೋಗುವಾಗ ಗೇಟಿನ ಹತ್ತಿರ ನಿಂತು ಹೇಳಿ ಹೋಗುತ್ತಿದ್ದರು. ಬ್ಯಾಂಕಿಗೆ ಹೋಗಲು ಆಗದವರಿಗೆ ಸಹಕಾರಿ ಬ್ಯಾಂಕಿನವರು ಮನೆಗೇ ತಂದು ಕೊಡುವ ವ್ಯವಸ್ಥೆಯೂ ಇದೆ. ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಉಪಕಾರ. ನಮ್ಮ ಕಡೆಯೂ ಇಂಥದ್ದು ಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಒಂದು ಕಷ್ಟ ಆಚೆ ಕಡೆಯದ್ದು. ಕಾಸರಗೋಡಿನ ಕನ್ನಡಿಗರಿಗೆ ಎಷ್ಟೋ ಸಲ ಫಾರ್ಮ್ ಮಲಯಾಳದಲ್ಲೇ ಸಿಗುತ್ತದೆ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅದು, ಕನ್ನಡದ ಫಾರ್ಮ್ ಕೊಡಿ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಮಗಳನ್ನು ಗಡಿಯಾಚೆ ಮದುವೆ ಮಾಡಿ ಕೊಟ್ಟಿದ್ದೇವೆ. ಏನೆಲ್ಲ ಬದಲಾಯಿಸಬೇಕು?

ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕೇ ಆಗಿತ್ತು. ಗೆರೆ ಬಿತ್ತು, ಮದುವೆ ಸಂಬಂಧ ನಿಲ್ಲಲಿಲ್ಲ. ಆದ್ದರಿಂದ ಈ ಪ್ರಶ್ನೆ ನಮ್ಮಲ್ಲಿ ಪ್ರತಿ ವರ್ಷ ಬರುತ್ತದೆ.

ನೆನಪಿಡಲು ಒಂದು ಸುಲಭದ ಮಾತು ಹೇಳುತ್ತೇನೆ. ದೆಹಲಿಯ ಕಾನೂನಿನಿಂದ ಸಿಗುವುದು ನಿಮ್ಮ ಜೊತೆ ಬರುತ್ತದೆ. ಬೆಂಗಳೂರು ಅಥವಾ ತಿರುವನಂತಪುರದ್ದು ಗಡಿಯಲ್ಲೇ ಉಳಿಯುತ್ತದೆ.

ಮೊದಲು ರೇಷನ್ ಕಾರ್ಡ್. ತವರಿನ ಕಾರ್ಡಿನಿಂದ ಹೆಸರು ತೆಗೆಸಿ, ತೆಗೆಸಿದ್ದಕ್ಕೆ ಪತ್ರ ತೆಗೆದುಕೊಳ್ಳಿ. ಆ ಪತ್ರ ಇಲ್ಲದೆ ಗಂಡನ ಮನೆಯ ಕಾರ್ಡಿಗೆ ಸೇರಿಸುವುದಿಲ್ಲ. ನನ್ನ ಚಿಕ್ಕಮ್ಮನ ಮಗಳು ಇದರಲ್ಲಿ ಸಿಕ್ಕಿಬಿದ್ದಳು. ಇಲ್ಲಿ ಹೆಸರು ತೆಗೆದರು, ಪತ್ರ ಕೊಡಲಿಲ್ಲ. "ಕಂಪ್ಯೂಟರಿನಲ್ಲಿ ಬರುತ್ತದೆ, ಹೋಗಿ" ಅಂದರು. ಅಲ್ಲಿಯವರಿಗೆ ನಮ್ಮ ಕಂಪ್ಯೂಟರ್ ಕಾಣುವುದಿಲ್ಲ. ಏಳು ತಿಂಗಳು ಅವಳ ಹೆಸರು ಎರಡೂ ಕಡೆ ಇರಲಿಲ್ಲ. ಆ ಹೊತ್ತಿನಲ್ಲೇ ಬಸುರಿ. ಎಲ್ಲಿ ಹೋದರೂ ಮೊದಲು ಕೇಳುವುದು ಕಾರ್ಡನ್ನೇ. ಅವಳು ಅತ್ತದ್ದನ್ನು ನಾನು ಮರೆತಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಪತ್ರ ಕೈಗೆ ಬರದೆ ಕಚೇರಿಯಿಂದ ಹೊರಡಬೇಡಿ.

ಆಮೇಲೆ ಆಧಾರ್‌ನಲ್ಲಿ ವಿಳಾಸ, ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಉಳಿದದ್ದು. ಇದೇ ಸಾಲಿನಲ್ಲಿ ಮಾಡಿ. ಅಲ್ಲಿಯ ಕಾರ್ಡಿನ ಬಣ್ಣಗಳನ್ನೂ ತಿಳಿದುಕೊಳ್ಳಿ. ಹಳದಿ ಅಂತ್ಯೋದಯ, ಗುಲಾಬಿ ಆದ್ಯತೆಯ ಕುಟುಂಬ, ನೀಲಿ ಸ್ವಲ್ಪ ಸಬ್ಸಿಡಿ, ಬಿಳಿ ಆದ್ಯತೆ ಇಲ್ಲದವರದ್ದು. ಇಲ್ಲಿ ಬಿಪಿಎಲ್ ಇದ್ದವರಿಗೆ ಅಲ್ಲಿ ತನ್ನಿಂದ ತಾನೇ ಗುಲಾಬಿ ಸಿಗುವುದಿಲ್ಲ.

ಒಂದು ದೇಶ ಒಂದು ರೇಷನ್ ಕಾರ್ಡ್ ಇದೆಯಲ್ಲ? ಎಲ್ಲಿ ಬೇಕಾದರೂ ಅಕ್ಕಿ ಸಿಗಬೇಕು ತಾನೆ?

ಸಿಗುತ್ತದೆ. 2022ರ ಜೂನ್ ಹೊತ್ತಿಗೆ ಎಲ್ಲ ರಾಜ್ಯಗಳೂ ಇದಕ್ಕೆ ಸೇರಿದವು. ಬೆರಳು ಒತ್ತಿದರೆ ಬೇರೆ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲೂ ಕೊಡಬೇಕು. ಆದರೆ ಸಿಗುವುದು 2013ರ ಆಹಾರ ಭದ್ರತಾ ಕಾಯ್ದೆಯ ಪಾಲು ಮಾತ್ರ, ತಲೆಗೆ 5 ಕೆಜಿ. ಅನ್ನಭಾಗ್ಯದಲ್ಲಿ ಕರ್ನಾಟಕ ಅದರ ಮೇಲೆ ಕೊಡುವುದು ಕರ್ನಾಟಕದ ಒಳಗೆ ಮಾತ್ರ.

ಇಲ್ಲಿ ಅಕ್ಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ದಕ್ಷಿಣ ಕನ್ನಡ, ಉಡುಪಿಯವರು ಉಣ್ಣುವುದು ಕುಚ್ಚಲಕ್ಕಿ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅದೇ ಅನ್ನ. ರೇಷನ್‌ನಲ್ಲಿ ಬರುವುದು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಅದು ನೀರುದೋಸೆಗೆ ಸರಿ, ಕಡುಬಿಗೆ ಸರಿ. ದಿನಾ ಊಟಕ್ಕೆ ಆಗುವುದಿಲ್ಲ. ಉಳ್ಳಾಲದ ಚಿಕ್ಕಮ್ಮನ ಅಡುಗೆಮನೆಯಲ್ಲಿ ಎರಡು ಡಬ್ಬಿ ಇವೆ. ದೊಡ್ಡದರಲ್ಲಿ ರೇಷನ್ ಅಕ್ಕಿ, ತುಂಬಿಯೇ ಇರುತ್ತದೆ. ಚಿಕ್ಕದರಲ್ಲಿ ಅಂಗಡಿಯಿಂದ ದುಡ್ಡು ಕೊಟ್ಟು ತಂದ ಕುಚ್ಚಲಕ್ಕಿ, ಯಾವಾಗಲೂ ತಳ ಕಾಣುತ್ತಿರುತ್ತದೆ. ಮಂಜೇಶ್ವರದ ರೇಷನ್ ಅಂಗಡಿಯಲ್ಲಿ ಕುಚ್ಚಲಕ್ಕಿಯೇ ಸಿಗುತ್ತದೆ. ಕರಾವಳಿಗೆ ಕುಚ್ಚಲಕ್ಕಿ ಕೊಡಿ ಅನ್ನುವ ಬೇಡಿಕೆ ವರ್ಷಗಳಿಂದ ಇದೆ. ನಮ್ಮ ಗದ್ದೆಯ ಭತ್ತವನ್ನೇ ಕೊಂಡು ಕುಚ್ಚಿ ಕೊಡಬಹುದು. ರೈತರಿಗೂ ಬೆಲೆ, ಬಡವರಿಗೂ ಊಟ.

ಶಕ್ತಿ ಯೋಜನೆಯಲ್ಲಿ ಮಂಗಳೂರಿನವರಿಗೆ ಲಾಭ ಇಲ್ಲ ಅಂತಾರೆ. ನಿಜವಾ?

ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. 2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಆದರೆ ಮಂಗಳೂರು, ಉಡುಪಿಯಲ್ಲಿ ಸಿಟಿ ಬಸ್ ಅಂದರೆ ಹೆಚ್ಚಿನದೂ ಖಾಸಗಿ. ಸರ್ವಿಸ್ ಬಸ್ಸೂ ಹಾಗೇ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತು ನೋಡಿ, ಹತ್ತು ಬಸ್ಸು ಹೋದರೆ ಸರ್ಕಾರಿ ಎಷ್ಟು ಅಂತ ಎಣಿಸಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸಿಗೆ ದಿನಾ ಉಳಿಯುವ ದುಡ್ಡು ಇಲ್ಲಿ ಸುರತ್ಕಲ್‌ನಿಂದ ಬರುವ ಹೆಂಗಸಿಗೆ ಉಳಿಯುವುದಿಲ್ಲ. ಒಂದೇ ರಾಜ್ಯ, ಒಂದೇ ಯೋಜನೆ, ಆದರೂ ಜಿಲ್ಲೆಗೊಂದು ಫಲ.

ಗಡಿಯಾಚೆಯವರಿಗೆ ಇಲ್ಲಿಯ ಬಸ್ಸಿನಲ್ಲೂ ಫ್ರೀ ಇಲ್ಲ, ಕರ್ನಾಟಕದ ವಿಳಾಸ ಬೇಕು. ಇಬ್ಬರು ಚಿಕ್ಕಮ್ಮಂದಿರೂ ಬಿಜೈಯ ಸರ್ಕಾರಿ ಬಸ್ ನಿಲ್ದಾಣದಿಂದ ಧರ್ಮಸ್ಥಳಕ್ಕೆ ಹೋದಾಗ ಒಂದೇ ಸೀಟಿನಲ್ಲಿ ಕೂತಿದ್ದರು. ಕಂಡಕ್ಟರ್ ಒಬ್ಬರಿಗೆ ಫ್ರೀ ಟಿಕೆಟ್ ಹರಿದು ಕೊಟ್ಟರು, ಇನ್ನೊಬ್ಬರ ಹತ್ತಿರ ದುಡ್ಡು ಕೇಳಿದರು. ತಂಗಿಯ ಟಿಕೆಟಿಗೆ ಅಕ್ಕ ಸೆರಗಿನ ಗಂಟು ಬಿಚ್ಚಿದರು.

ಎಂಡೋಸಲ್ಫಾನ್ ಸಂತ್ರಸ್ತರಿಗೂ ಎರಡು ಕಡೆ ಎರಡು ರೀತಿಯಾ?

ಹೌದು. ಇದನ್ನು ಬರೆಯುವಾಗ ಕೈ ಭಾರ ಆಗುತ್ತದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಸುರಿದದ್ದು ಒಂದೇ ವಿಷ. ಕಾಸರಗೋಡಿನ ಪಡ್ರೆಯಲ್ಲೂ ಅದೇ, ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲೂ ಅದೇ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಕೊಡಲು ಅದೇ ಕೋರ್ಟ್ ಹೇಳಿತು, ಆದರೆ ಆ ಆದೇಶ ಕೇರಳ ಸರ್ಕಾರಕ್ಕೆ. ನಮ್ಮ ಕಡೆಯವರಿಗೆ ಸಿಗುವುದು ಕರ್ನಾಟಕದ ಮಾಸಾಶನ, ಅದೂ ಅಂಗವೈಕಲ್ಯ ಎಷ್ಟು ಶೇಕಡಾ ಅಂತ ನೋಡಿಕೊಂಡು. ಪಟ್ಟಿಯೂ ಬೇರೆ, ಮೊತ್ತವೂ ಬೇರೆ. ಈಚೆ ಕಡೆಯ ತಾಯಂದಿರು "ನಮ್ಮ ಮಗುವಿಗೆ ಯಾಕೆ ಅಷ್ಟಿಲ್ಲ?" ಅಂತ ಕೇಳುವುದರಲ್ಲಿ ನ್ಯಾಯ ಇದೆ. ಉಳಿದ ಎಲ್ಲದರಲ್ಲೂ ರಾಜ್ಯಕ್ಕೊಂದು ರೀತಿ ಇರಲಿ ಅಂತ ನಾನು ಒಪ್ಪುತ್ತೇನೆ. ಇದರಲ್ಲಿ ಮಾತ್ರ ಒಪ್ಪಲು ನನ್ನಿಂದ ಆಗುವುದಿಲ್ಲ.

ಮಲ್ಪೆಯ ಮೀನುಗಾರರಿಗೆ, ಬೀಡಿ ಕಟ್ಟುವವರಿಗೆ?

ಮೀನುಗಾರರ ಉಳಿತಾಯ ಪರಿಹಾರ ಯೋಜನೆಯಲ್ಲಿ ಮೀನುಗಾರ 1,500 ರೂ. ಹಾಕಿದರೆ, ಕೇಂದ್ರ 1,500, ರಾಜ್ಯ 1,500 ಸೇರಿಸಿ 4,500 ರೂ. ಕೊಡುತ್ತವೆ. ಇಷ್ಟು ಎರಡೂ ಕಡೆ ಒಂದೇ. ಮೀನು ಹಿಡಿಯಬಾರದ ರಜೆ ಮಾತ್ರ ಬೇರೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಕೇರಳದಲ್ಲಿ ಟ್ರಾಲರ್‌ಗಳಿಗೆ 52 ದಿನ. ತಮಿಳುನಾಡು ತನ್ನ ಕಡೆಯ ರಜೆಯ ಹೊತ್ತಿನಲ್ಲಿ ತನ್ನದೇ ದುಡ್ಡಿನಿಂದ ಪ್ರತಿ ಕುಟುಂಬಕ್ಕೆ 8,000 ರೂ. ಕೊಡುತ್ತದೆ.

ಬೀಡಿಯವರ ಪಿಎಫ್ ಪಿಂಚಣಿ ಕೇಂದ್ರದ ಕಾನೂನಿನದ್ದು. ಕನಿಷ್ಠ 1,000 ರೂ., 2014ರಿಂದ ಅಷ್ಟೇ. ಸಾವಿರ ಬೀಡಿಗೆ ಕನಿಷ್ಠ ಕೂಲಿ ಎಷ್ಟು ಅನ್ನುವುದನ್ನು ರಾಜ್ಯ ನಿಗದಿ ಮಾಡುತ್ತದೆ. ಅದರಿಂದ ಗಡಿಯ ಎರಡು ಬದಿಯಲ್ಲಿ ಕೂಲಿ ಬೇರೆ.

ಕಾಸರಗೋಡಿನವರು ಮಂಗಳೂರಿನ ಆಸ್ಪತ್ರೆಗೆ ಬಂದರೆ ಕಾರ್ಡ್ ನಡೆಯುತ್ತದಾ?

ಆಯುಷ್ಮಾನ್ ಭಾರತ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಕೇಂದ್ರದ ಪಟ್ಟಿಯಲ್ಲಿದ್ದವರಿಗೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಸಿಗಬೇಕು. ರಾಜ್ಯಗಳು ಅದಕ್ಕೆ ತಮ್ಮವರನ್ನೂ ಸೇರಿಸಿಕೊಂಡಿವೆ. ಕರ್ನಾಟಕದಲ್ಲಿ ಎಪಿಎಲ್‌ನವರಿಗೆ ಪ್ಯಾಕೇಜಿನ 30 ಶೇಕಡಾ ಸರ್ಕಾರ ಕೊಡುವುದು ಹಾಗೇ ಬಂದದ್ದು. ಆ ಭಾಗ ಆ ರಾಜ್ಯದವರಿಗೆ ಮಾತ್ರ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕಾರ್ಡ್ ತೋರಿಸಿ ಕೇಳಿ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಹಾಕಿದಾಗ, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ಎಷ್ಟು ಜನ ಆಚೆ ಸಿಕ್ಕಿಬಿದ್ದರು ಅಂತ ಇಲ್ಲಿಯವರಿಗೆ ಗೊತ್ತು.

ಗಂಡ ಮುಂಬೈ ಹೋಟೆಲಿನಲ್ಲಿ, ನಾನು ಕುಂದಾಪುರದಲ್ಲಿ. ಗೃಹಲಕ್ಷ್ಮಿ, ಅಲ್ಲಿಯ ಲಾಡ್ಕಿ ಬಹೀಣ್ ಎರಡೂ ತೆಗೆದುಕೊಳ್ಳಬಹುದಾ?

ಬೇಡ. ಮಹಾರಾಷ್ಟ್ರದ 1,500 ರೂ. ಅಲ್ಲಿಯ ನಿವಾಸಿಗಳಿಗೆ. ನೀವಿರುವುದು ಕುಂದಾಪುರದಲ್ಲಿ, ನಿಮ್ಮದು ಗೃಹಲಕ್ಷ್ಮಿ. ಎರಡು ಕಡೆ ತೆಗೆದುಕೊಂಡರೆ ಆಧಾರ್‌ನಲ್ಲಿ ಸಿಕ್ಕಿಬೀಳುತ್ತದೆ, ವಾಪಸ್ ಕಟ್ಟಬೇಕಾಗುತ್ತದೆ. ನೀವು ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರಾದರೆ ಗೃಹಲಕ್ಷ್ಮಿಯೂ ಇಲ್ಲ.

ಮಗಳು ಸ್ಕಾಟ್ಲೆಂಡಿನಲ್ಲಿ ನರ್ಸ್. ಅಲ್ಲೂ ಹೀಗೇ ಅಂತಾಳೆ. ಒಂದೇ ದೇಶ ಅಲ್ವಾ ಅದು?

ಬ್ರಿಟನ್ ಒಂದೇ ದೇಶ, ಆದರೆ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿಗೆ ತಮ್ಮದೇ ಸರ್ಕಾರಗಳಿವೆ. 2016ರ ಕಾನೂನಿನಿಂದ ಸ್ಕಾಟ್ಲೆಂಡಿಗೆ ಕೆಲವು ಭತ್ಯೆಗಳ ಅಧಿಕಾರ ಸಿಕ್ಕಿತು. ಕಡಿಮೆ ಆದಾಯದವರ ಮಕ್ಕಳಿಗೆ ಅಲ್ಲಿ 2021ರಲ್ಲಿ ವಾರಕ್ಕೆ 10 ಪೌಂಡ್ ಶುರುವಾಯಿತು, 2022ರ ನವೆಂಬರಿನಲ್ಲಿ 25 ಪೌಂಡ್ ಆಯಿತು. ಇಂಗ್ಲೆಂಡಿನಲ್ಲಿ ಅದು ಇಲ್ಲ. ಡಾಕ್ಟರ್ ಚೀಟಿಯ ಔಷಧಿ ವೇಲ್ಸ್‌ನಲ್ಲಿ 2007ರಿಂದ, ಉತ್ತರ ಐರ್ಲೆಂಡಿನಲ್ಲಿ 2010ರಿಂದ, ಸ್ಕಾಟ್ಲೆಂಡಿನಲ್ಲಿ 2011ರಿಂದ ಫ್ರೀ. ಇಂಗ್ಲೆಂಡಿನಲ್ಲಿ ಹೆಚ್ಚಿನವರು ದುಡ್ಡು ಕೊಡಬೇಕು. ಕೆಲಸದ ವೀಸಾದಲ್ಲಿ ಇರುವವರಿಗೆ ಸಾಮಾನ್ಯವಾಗಿ ಭತ್ಯೆಗಳು ಸಿಗುವುದಿಲ್ಲ. ಔಷಧಿಗೆ ಆ ಅಡ್ಡಿ ಇಲ್ಲ. ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಯನ್ನು ಭತ್ಯೆ ಅಂತ ಲೆಕ್ಕ ಹಾಕುವುದಿಲ್ಲ.

ಬರುತ್ತಿದ್ದ ಪಿಂಚಣಿ ಸುಮ್ನೆ ನಿಂತುಹೋಗಿದೆ. ಏನು ಮಾಡಲಿ?

ಹೆದರಬೇಡಿ. ಮೊದಲು ಬ್ಯಾಂಕಿಗೆ ಹೋಗಿ, ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ಅಂತ ಕೇಳಿ. ಹೊಸ ಖಾತೆ ತೆರೆದಾಗ ದುಡ್ಡು ಅಲ್ಲಿಗೆ ಹೋಗಿರುತ್ತದೆ. ಎಷ್ಟೋ ಜನರದ್ದು ಅಲ್ಲೇ ಸಿಕ್ಕಿದೆ. ಅಲ್ಲೂ ಇಲ್ಲದಿದ್ದರೆ ನಾಡಕಚೇರಿ. ಮಂಜೂರಾತಿ ಆದೇಶದ ಪ್ರತಿ, ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿ. ಬರವಣಿಗೆಯಲ್ಲೇ ಕೇಳಿ, ಸ್ವೀಕೃತಿ ತೆಗೆದುಕೊಳ್ಳಿ. ಕೇರಳದವರಾದರೆ ವರ್ಷದ ಮಸ್ಟರಿಂಗ್, ಅಂದರೆ ಬದುಕಿದ್ದೇವೆ ಅಂತ ಬೆರಳು ಒತ್ತಿ ತೋರಿಸುವುದು, ಆಗಿದೆಯಾ ನೋಡಿ. ಅಲ್ಲಿಯ ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅದನ್ನು ಮಾಡಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಬೀಡಿ ಸುತ್ತಿ, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದವರಿಗೆ ಮೆಷಿನ್ ಒಪ್ಪುವುದಿಲ್ಲ. ಮಂಜೇಶ್ವರದ ಚಿಕ್ಕಮ್ಮನದ್ದು ಐದು ಸಲ ಆಗಲಿಲ್ಲ. ಕೈಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಡಗೈಯ ಉಂಗುರದ ಬೆರಳು ಇಟ್ಟಾಗ ಹಸಿರು ದೀಪ ಬಂತು. ಈಗ ಪ್ರತಿ ವರ್ಷ ಅದೇ ಬೆರಳು ಇಡುತ್ತಾರೆ.